ಸದ್ದಿಲ್ಲದ ಊರಿನಲ್ಲಿ ಬನಹಟ್ಟಿಯ ಬಾಯಿ

ಬನಹಟ್ಟಿ ಬಸ್ ಸ್ಟ್ಯಾಂಡು

ನಮ್ಮ ಮನೆಗೆ ಬಂದ ಬೀಗರು ಮೊದಲ ದಿನ ಕಿವಿ ಮುಚ್ಚಿಕೊಳ್ಳುತ್ತಾರೆ, ಮರುದಿನ ತಲೆನೋವಿನ ಗುಳಿಗೆ ಕೇಳುತ್ತಾರೆ, ಅದರ ಮರುದಿನ ಊರಿಗೆ ಹೋಗುತ್ತಾರೆ. ಬೀಗರನ್ನು ಮರ್ಯಾದೆಯಿಂದ ಸಾಗಹಾಕಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ ಎಂದು ಅಪ್ಪ ನಗುತ್ತಾನೆ. ಮುಂದಿನ ಪಡಸಾಲೆಯ ತುಂಬ ಪಾವರ್‌ಲೂಮ್ ಮಗ್ಗಗಳು, ಹಿಂದೆ ಅಡುಗೆಮನೆ, ನಡುವೆ ನಾವು. ನಾನು ತೊಟ್ಟಿಲಲ್ಲಿ ಮಲಗಿದ್ದು, ಕಾಗುಣಿತ ಕಲಿತದ್ದು, ಜಮಖಂಡಿಗೆ ಬಸ್ಸಿನಲ್ಲಿ ಓಡಾಡುತ್ತ ಡಿಗ್ರಿ ಓದಿದ್ದು ಎಲ್ಲ ಆ ಖಟಖಟದಲ್ಲೇ. ಕರೆಂಟು ಹೋಗಿ ಮಗ್ಗ ನಿಂತರೆ ನಮ್ಮ ಓಣಿಯ ಕೂಸುಗಳು ಒಮ್ಮೆಲೇ ಎಚ್ಚೆತ್ತು ಅಳಲು ಶುರು ಮಾಡುತ್ತವೆ.

ಹೀಗಾಗಿ ನಮ್ಮ ಮನೆಯಲ್ಲಿ ಎರಡು ಭಾಷೆ. ಒಂದು, ಮಗ್ಗದ ಸದ್ದನ್ನು ದಾಟಿಸಿ ಒದರುವ ಕನ್ನಡ. ಇನ್ನೊಂದು ಕೈಯದು. ಐದೂ ಬೆರಳು ಕೂಡಿಸಿ ಬಾಯಿಗೆ ಒಯ್ದರೆ ‘ಉಂಡ್ಯಾ?’ ಎಂದರ್ಥ. ಎದೆ ಬಡಿದುಕೊಂಡರೆ ಸೀರೆ ಒಯ್ಯುವ ಸಾಹುಕಾರ ಬಂದ ಎಂದು. ಕೊರಳಿಗೆ ಅಡ್ಡಲಾಗಿ ಬೆರಳೆಳೆದರೆ ಮಗ್ಗದಲ್ಲಿ ನೂಲಿನ ಎಳೆ ಹರಿಯಿತು, ಹೆಬ್ಬೆರಳಿಗೆ ತೋರುಬೆರಳು ತಾಗಿಸಿ ಹೊಸೆದರೆ ಗಂಟು ಹಾಕು. ಮಗ್ಗದ ಆ ಕಡೆ ಅಪ್ಪ, ಈ ಕಡೆ ಅವ್ವ ನಿಂತು ದಿನವಿಡೀ ಹೀಗೇ ಸಂಸಾರ ಮಾಡಿದ್ದಾರೆ.

ಎಂ.ಎಸ್ಸಿ.ಯಲ್ಲಿ ಜವಳಿ ವಿಷಯ ಓದುತ್ತಿದ್ದ ನನಗೆ ಒಂದು ಸೆಮಿಸ್ಟರನ್ನು ಫಿನ್‌ಲೆಂಡಿನಲ್ಲಿ ಓದುವ ಅವಕಾಶ ಬಂತು. ಕಳಿಸಲು ಬಂದ ಅವ್ವ ಬಸ್ ಸ್ಟ್ಯಾಂಡಿನಲ್ಲೂ ಮಗ್ಗದ ಮುಂದೆ ನಿಂತಂತೆಯೇ ಒದರಿದಳು.

“ಏ ಶೈಲಾ, ಅಲ್ಲೆ ಯಾರ ಏನ ಕೊಟ್ರೂ ಮೊದಲ ವಾಸನಿ ನೋಡಿ ತಿನ್ನ ಬೇ! ರೊಟ್ಟಿ ಗಂಟ ತಳದಾಗ ಇಡಬ್ಯಾಡ, ಪುಡಿ ಆಗತಾವ!”

“ಆತ್ರೀ ಅವ್ವಾರ,” ಎಂದ ಕಂಡಕ್ಟರ್, “ಇನ್ನ ಮ್ಯಾಲ ನಾವೂ ವಾಸನಿ ನೋಡೇ ತಿಂತೇವ್ರಿ.” ಬಸ್ಸಿನ ತುಂಬ ನಗು. ಅವ್ವನಿಗೆ ಯಾಕೆ ನಗುತ್ತಾರೆ ಎಂಬುದೇ ತಿಳಿಯಲಿಲ್ಲ.

ಟಾಂಪೆರೆ

ನಾನು ಇಳಿದ ಊರು ಟಾಂಪೆರೆ. ಎರಡು ಕೆರೆಗಳ ನಡುವಿನ ಊರು ಎನ್ನುತ್ತಾರೆ, ಆದರೆ ಕೆರೆ ಎಂಬ ಮಾತು ನಂಬಿ ಹೋಗಬಾರದು. ನಮ್ಮ ಕಡೆ ಕೃಷ್ಣೆ ತುಂಬಿ ನಿಂತಾಗ ಎಷ್ಟು ಅಗಲ ಕಾಣುತ್ತದೋ ಅಷ್ಟು ನೀರು, ಅದೂ ಹೆಪ್ಪುಗಟ್ಟಿ ಬರ್ಫವಾಗಿ ಕೂತಿತ್ತು. ಜನ ಅದರ ಮೇಲೆ ನಾಯಿ ಹಿಡಿದುಕೊಂಡು ತಿರುಗಾಡುತ್ತಿದ್ದರು. ಹಿಂದೆ ಇದು ಹತ್ತಿ ಗಿರಣಿಗಳ ಊರಂತೆ. ಕೆಂಪು ಇಟ್ಟಿಗೆಯ ದೊಡ್ಡ ಗಿರಣಿಗಳು ಈಗಲೂ ನಿಂತಿವೆ. ನನ್ನವರ ಮನೆ ಸಿಕ್ಕಿತು ಎಂದು ಆಸೆಯಿಂದ ಒಂದರೊಳಗೆ ಹೋದೆ. ಮಗ್ಗ ಇಲ್ಲ. ಮಗ್ಗ ಇರಬೇಕಾದಲ್ಲಿ ಜನ ಕಾಫಿ ಕುಡಿಯುತ್ತ ಕೂತಿದ್ದರು. ಕಪ್ಪು ಇಡುವಾಗಲೂ ಸದ್ದಾಗದಂತೆ ಇಡುತ್ತಿದ್ದರು.

ಬಸ್ ಸ್ಟಾಪಿನಲ್ಲಿ ನನ್ನ ಮೊದಲ ತಪ್ಪು ನಡೆಯಿತು. ಬಸ್ಸಿಗೆ ಕಾಯುವುದು ಎಂದರೆ ಒಬ್ಬರಿಗೊಬ್ಬರು ತಾಗಿ ನಿಲ್ಲುವುದು ಎಂದು ನಾನು ಬನಹಟ್ಟಿಯಲ್ಲಿ ಕಲಿತವಳು. ನಡುವೆ ಜಾಗ ಬಿಟ್ಟರೆ ಅಲ್ಲಿ ಇನ್ನೊಬ್ಬರು ನುಗ್ಗುತ್ತಾರೆ. ಅಲ್ಲಿ ಒಬ್ಬ ಅಜ್ಜ ಒಂಟಿಯಾಗಿ ನಿಂತಿದ್ದ. ಪಾಪ ಎಂದು ಪಕ್ಕಕ್ಕೆ ಹೋಗಿ ನಿಂತೆ. ಅಜ್ಜ ಒಂದು ಹೆಜ್ಜೆ ಸರಿದ. ನನಗೆ ಜಾಗ ಮಾಡಿಕೊಟ್ಟ, ಎಂಥ ಸಜ್ಜನ ಎಂದುಕೊಂಡು ನಾನೂ ಸರಿದೆ. ಅವನು ಮತ್ತೆ ಸರಿದ, ನಾನು ಮತ್ತೆ ಸರಿದೆ. ಬಸ್ಸು ಬಂದಾಗ ನಾವಿಬ್ಬರೂ ಸ್ಟಾಪು ಬಿಟ್ಟು ಎಷ್ಟೋ ದೂರ ಬಂದಿದ್ದೆವು. ಬಸ್ಸು ನಿಲ್ಲದೆ ಹೋಯಿತು. ಅಜ್ಜ ನನ್ನ ಕಡೆ ನೋಡಿದ, ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಬಾಡಿಗೆ ಮನೆ

ವಿಶ್ವವಿದ್ಯಾಲಯದ ವಸತಿಗೃಹ ತುಂಬಿ ಹೋಗಿತ್ತು. ಇಬ್ಬರು ವಿದ್ಯಾರ್ಥಿಗಳು ಬಾಡಿಗೆಗೆ ಹಿಡಿದ ಮನೆಯಲ್ಲಿ ಒಂದು ರೂಮು ಖಾಲಿ ಇದೆ ಎಂದು ಗೊತ್ತಾಗಿ ಅಲ್ಲಿಗೆ ಹೋದೆ. ಒಬ್ಬ ಪೆಕ್ಕಾ, ಗಣಿತ ಓದುವವನು, ತೊಲೆಯ ಹಾಗೆ ಎತ್ತರ. ಇನ್ನೊಬ್ಬಳು ಐನೊ, ಉತ್ತರದ ಕಾಡಿನ ಊರಿನವಳು. ಅವಳ ಮನೆಯಿಂದ ಪಕ್ಕದ ಮನೆಗೆ ಹೋಗಲು ಕಾರು ಬೇಕಂತೆ. ನಾವು ಮೂವರೂ ಆಡುತ್ತಿದ್ದುದು ಇಂಗ್ಲಿಷು, ಆದರೆ ನೆನಪಿನಲ್ಲಿ ಅವರು ಬನಹಟ್ಟಿ ಮಾತೇ ಆಡುತ್ತಾರೆ. ನಾನೂ ಹಾಗೆಯೇ ಬರೆಯುತ್ತೇನೆ.

“ಮೊದಲ ಒಂದ ತಿಂಗಳ ಇದ್ದ ನೋಡ,” ಎಂದ ಪೆಕ್ಕಾ. “ಹೊಂದಿಕೊಂಡ್ರ ರೂಮು ನಿಂದು. ಇಲ್ಲಂದ್ರ ಬ್ಯಾರೆ ನೋಡ್ಕೋಬೇಕು.”

ಬೇರೆ ಎಲ್ಲಿ ನೋಡಲಿ? ವಸತಿಗೃಹದಲ್ಲಿ ಬೇಸಿಗೆಯವರೆಗೆ ಜಾಗವಿಲ್ಲ ಎಂದಿದ್ದರು. ಈ ರೂಮು ಕೈತಪ್ಪಿದರೆ ಸೆಮಿಸ್ಟರ್ ಬಿಟ್ಟು, ಗಂಟು ಕಟ್ಟಿಕೊಂಡು ಊರಿಗೆ ಹೋಗಬೇಕು. ಮಗಳು ಫಾರಿನ್ನಿಗೆ ಹೋದಳು ಎಂಬ ಸುದ್ದಿಯನ್ನು ಅವ್ವ ಪಕ್ಕದ ಊರು ಚಿಮ್ಮಡದವರೆಗೂ ಮುಟ್ಟಿಸಿದ್ದಳು. ಹಾಗಾಗಿ ಹೊಂದಿಕೊಳ್ಳುತ್ತೇನೆ ಎಂದು ಎದೆ ತಟ್ಟಿ ಹೇಳಿದೆ.

ಐನೊ ಗಕ್ಕನೆ ಉಸಿರು ಒಳಗೆಳೆದುಕೊಂಡಳು. ಚೇಳು ಕಚ್ಚಿತೇನೋ ಎಂದು ನಾನು ಅವಳ ಕಾಲು ನೋಡಿದೆ. ಅವಳು ಸುಮ್ಮನೆ ನಿಂತಿದ್ದಳು. “ಚಪ್ಪಲಿ ಹೊರಗ ಬಿಡ್ಲ್ಯಾ?” ಎಂದೆ. ಮತ್ತೆ ಗಕ್ಕನೆ ಉಸಿರೆಳೆದಳು. ನಾನು ಏನು ಕೇಳಿದರೂ ಈ ಹುಡುಗಿ ಗಾಬರಿಯಾಗುತ್ತಾಳಲ್ಲ ಎಂದು ನನಗೇ ಗಾಬರಿಯಾಯಿತು. ಆ ದೇಶದಲ್ಲಿ ಕೆಲವರು ‘ಹೌದು’ ಎನ್ನುವುದೇ ಹಾಗೆ, ಉಸಿರು ಒಳಗೆಳೆದುಕೊಂಡು ಎಂದು ತಿಳಿಯಲು ವಾರ ಬೇಕಾಯಿತು. ಮಾತಾಡುವಾಗಲೂ ಅವರು ಸದ್ದನ್ನು ಹೊರಗೆ ಬಿಡದೆ ಒಳಗೇ ಇಟ್ಟುಕೊಳ್ಳುತ್ತಾರೆ.

ನನ್ನ ಕಷ್ಟ ಬೇರೆಯೇ ಇತ್ತು. ಆ ಮನೆಯಲ್ಲಿ ನಿದ್ದೆ ಬರುತ್ತಿರಲಿಲ್ಲ. ಗಡಿಯಾರ ಕೂಡ ಟಿಕ್ ಎನ್ನುವುದಿಲ್ಲ. ನಾಯಿಗಳೂ ಬೊಗಳುವುದಿಲ್ಲ. ನಮ್ಮ ಕಡೆಯಿಂದ ಈ ಊರಿಗೆ ಹೊಂದಿಕೊಳ್ಳುವ ಜೀವ ಎಂದರೆ ಮುಧೋಳದ ನಾಯಿ ಒಂದೇ, ಅದಕ್ಕೂ ಬೊಗಳುವುದು ಹೆಚ್ಚು ಬೇಕಾಗುವುದಿಲ್ಲ. ಹಾಸಿಗೆಯಲ್ಲಿ ಬಿದ್ದರೆ ಕರೆಂಟು ಹೋಗಿದೆ, ಇನ್ನೇನು ಬರುತ್ತದೆ ಎಂದು ಕಾದಂತೆ ಅನಿಸುತ್ತಿತ್ತು. ಆ ಕರೆಂಟು ಬರಲೇ ಇಲ್ಲ.

ಪಾಠದ ಕೋಣೆ

ಮೊದಲ ಪಾಠಕ್ಕೆ ಹೇಳಿದ ವೇಳೆಗೆ ಸರಿಯಾಗಿ ಹೋದೆ. ಯಾರೂ ಇರಲಿಲ್ಲ. ಅಲ್ಲಿ ಪಾಠ ಹೇಳಿದ ವೇಳೆಗಿಂತ ಕಾಲು ಗಂಟೆ ತಡವಾಗಿಯೇ ಶುರುವಾಗಬೇಕು ಎಂಬುದು ಪದ್ಧತಿಯಂತೆ. ಜಮಖಂಡಿಯಲ್ಲಿ ನಮ್ಮ ಮಾಸ್ತರೂ ಕಾಲು ಗಂಟೆ ತಡವಾಗಿಯೇ ಬರುತ್ತಿದ್ದರು. ಅದನ್ನು ಪದ್ಧತಿ ಎಂದು ಕರೆದುಬಿಡುವ ಬುದ್ಧಿ ಮಾತ್ರ ಅವರಿಗೆ ಹೊಳೆಯಲಿಲ್ಲ.

ಪಾಠ ಮಾಡುವವರು ಹೆಲೆನಾ. ಬರೀ ಹೆಸರು ಹಿಡಿದು ಕರೆಯಬೇಕು. ಗುರುಗಳನ್ನು ಹಾಗೆ ಕರೆದರೆ ನಾಲಿಗೆ ಸೀಳಿ ಹೋಗುತ್ತದೆ ಎಂದು ನಂಬಿದವಳು ನಾನು. ಮೂರು ದಿನ ಯಾವ ಹೆಸರೂ ಹೇಳದೆ ಬರೀ ಕೆಮ್ಮಿ ಕರೆದೆ. ಅವರು ಕೆಮ್ಮಿನ ಗುಳಿಗೆ ತಂದುಕೊಟ್ಟರು. ಆಮೇಲೆ ‘ಹೆಲೆನಾ ಮೇಡಮ್ಮಾರ’ ಎಂದು ಶುರು ಮಾಡಿದೆ. ಅವರಿಗೆ ಅದು ನನ್ನ ದೇಶದ ಒಂದೇ ಉದ್ದನೆಯ ಹೆಸರು ಎನಿಸಿರಬೇಕು, ತಡೆಯಲಿಲ್ಲ.

ಅವರು “ಯಾರಿಗಾದರೂ ಏನಾದರೂ ಕೇಳುವುದಿದೆಯೇ?” ಎಂದರೆ ತರಗತಿ ನೆಲ ನೋಡುತ್ತದೆ. ಮೇಡಂ ಕಿಟಕಿ ನೋಡುತ್ತ ಕಾಯುತ್ತಾರೆ. ಯಾರಿಗೂ ಅದರಿಂದ ಬೇಜಾರಿಲ್ಲ. ಒಮ್ಮೆ ತಡೆಯಲಾರದೆ ನಾನು ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಕೇಳಿದೆ. ಮುಂದೆ ಕೂತಿದ್ದ ಹುಡುಗನ ಕೈಯಿಂದ ಪೆನ್ನು ಬಿತ್ತು. ಪಕ್ಕದ ಕೋಣೆಯ ಮಾಸ್ತರು ಬಾಗಿಲು ತೆಗೆದು, ಎಲ್ಲ ಕ್ಷೇಮವೇ ಎಂದು ಇಣುಕಿ ಹೋದರು.

ಇನ್ನು ಮಗ್ಗದ ಪ್ರಯೋಗಾಲಯದ ಕಥೆ. ನಾನು ಬಂದದ್ದೇ ಅದಕ್ಕಾಗಿ. ಹೊಸ ನಮೂನೆಯ ಮಗ್ಗದ ಸುತ್ತ ನಾವೆಲ್ಲ ಕುರ್ಚಿ ಹಾಕಿಕೊಂಡು ಕೂತೆವು, ಮೇಡಂ ಗುಂಡಿ ಒತ್ತಿದರು. ಖಟಖಟ ಶುರುವಾಯಿತು. ಎಷ್ಟೋ ದಿನಗಳ ಮೇಲೆ ತವರಿನ ಸದ್ದು ಕೇಳಿ ಕಣ್ಣು ತುಂಬಿ ಬಂತು. ತುಂಬಿದ ಕಣ್ಣು ಹಾಗೇ ಮುಚ್ಚಿತು. ಎಚ್ಚರವಾದದ್ದು ಮಗ್ಗ ನಿಲ್ಲಿಸಿದಾಗ. ನನ್ನ ಮೇಲೆ ಯಾರೋ ದಪ್ಪ ಕೋಟು ಹೊದಿಸಿದ್ದರು, ಉಳಿದವರೆಲ್ಲ ತುದಿಗಾಲಿನಲ್ಲಿ ಹೊರಟಿದ್ದರು.

“ಇಷ್ಟ ಸದ್ದಿನಾಗ ಯಾರರೆ ಮಲಗತಾರೇನ?” ಎಂದರು ಮೇಡಂ.

“ಮೇಡಮ್ಮಾರ, ನಿಂದ್ರಿಸಬ್ಯಾಡ್ರಿ, ಇನ್ನ ಸ್ವಲ್ಪ ಹೊತ್ತ ನಡಸ್ರಿ,” ಎಂದು ಕೈಮುಗಿದೆ.

ಫೋನು

ದಿನಾ ಮಧ್ಯಾಹ್ನ ಅವ್ವನ ವಿಡಿಯೋ ಕಾಲ್ ಬರುತ್ತಿತ್ತು. ಅವಳು ಮಗ್ಗದ ಮುಂದೆ ನಿಂತು ಒದರುವಳು, ಅವಳಿಗೆ ಕೇಳಲಿ ಎಂದು ನಾನೂ ಒದರುವೆ. “ಉಂಡ್ಯಾ?” “ಉಂಡೇನಿ!” “ಏನ ಉಂಡೀ?” “ಬಟಾಟಿ!” “ನಿನ್ನೇನೂ ಬಟಾಟಿ ಅಂದ್ಯಲ್ಲ ಬೇ!” ಇಷ್ಟೇ ಮಾತು. ಒಂದು ದಿನ ಅಡುಗೆಮನೆಯ ಫ್ರಿಜ್ಜಿನ ಮೇಲೆ ಚೀಟಿ ಅಂಟಿತ್ತು, ಫೋನಿನಲ್ಲಿ ದಯವಿಟ್ಟು ಮೆಲ್ಲಗೆ ಎಂದು. ಬರೆದ ಇಬ್ಬರೂ ಅಲ್ಲೇ ಫ್ರಿಜ್ಜಿನ ಪಕ್ಕ ಕೂತು ಗಂಜಿ ಕುಡಿಯುತ್ತಿದ್ದರು. ಬಾಯಿಂದ ಹೇಳಿದರೆ ನನಗೆ ನೋವಾದೀತು ಎಂಬ ಸಂಕೋಚ ಅವರಿಗೆ.

ತಿಂಗಳು ಮುಗಿಯುತ್ತ ಬಂದಿತ್ತು. ರೂಮು ಉಳಿಯಬೇಕಾದರೆ ಬಾಯಿ ಮುಚ್ಚಬೇಕು. ನಾನು ಜಾಣತನ ಮಾಡಿದೆ. ಅವ್ವನಿಗೆ ಹೇಳಿ ಮರುದಿನದಿಂದ ಕೈಭಾಷೆ ಶುರು ಮಾಡಿದೆವು. ಫೋನನ್ನು ಅಡುಗೆಮನೆಯ ಕಿಟಕಿಗೆ ಆನಿಸಿಟ್ಟು, ಸದ್ದು ಪೂರ್ತಿ ಅಡಗಿಸಿ, ಮನೆಯ ಸುದ್ದಿಯನ್ನೆಲ್ಲ ಕೈಯಲ್ಲೇ ಮಾತಾಡಿದೆವು. ನನ್ನ ಬೆನ್ನ ಹಿಂದೆ ಪೆಕ್ಕಾ, ಐನೊ ಬಂದು ಹೋಗುತ್ತಿದ್ದರು. ನೋಡಿರಿ, ಎಷ್ಟು ಸದ್ದಿಲ್ಲದೆ ಇದ್ದೇನೆ ಎಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಎರಡನೆಯ ದಿನಕ್ಕೆ ಐನೊ ನನ್ನನ್ನು ನೋಡಿ ಕಣ್ಣು ತಪ್ಪಿಸತೊಡಗಿದಳು. ಪೆಕ್ಕಾ ಅಡುಗೆಮನೆಯ ಚಾಕುಗಳನ್ನು ಮೇಲಿನ ಕಪಾಟಿಗೆ ಏರಿಸಿದ. ಮನೆ ಒಪ್ಪ ಮಾಡುತ್ತಿದ್ದಾನೆ ಎಂದುಕೊಂಡೆ.

ಶನಿವಾರದ ಸಭೆ

ಆ ಶನಿವಾರ ಇಬ್ಬರೂ ನನ್ನನ್ನು ಅಡುಗೆಮನೆಗೆ ಕರೆದರು. ಮೇಜಿನ ಮೇಲೆ ಕಾಫಿ, ಏಲಕ್ಕಿ ಹಾಕಿದ ಬನ್ನು, ಕಣ್ಣೊರೆಸುವ ಕಾಗದದ ಪೆಟ್ಟಿಗೆ. ಪೆಕ್ಕಾ ನನ್ನ ಕಪ್ಪಿಗೆ ಕಾಫಿ ಸುರಿದ.

“ಇವತ್ತ ನಿನ್ನ ತಿಂಗಳಾ ತುಂಬ್ತು. ರೂಮಿನ ಮಾತ ಆಡೂದೈತಿ. ಅದಕ್ಕೂ ಮೊದಲ ಇನ್ನೊಂದ ಕೇಳಬೇಕು.”

“ಕೇಳಪಾ.”

“ನಿಮ್ಮವ್ವ ನಿನ್ನ ಕುತಿಗಿ ಕೊಯ್ತೇನಿ ಅಂತ ಯಾಕ ಅಂತಾಳ?”

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬಿದ್ದು ಬಿದ್ದು ನಕ್ಕೆ. ಐನೊ ಕಾಗದದ ಪೆಟ್ಟಿಗೆಯನ್ನು ನನ್ನ ಕಡೆ ಸರಿಸಿ, “ಅಳಬ್ಯಾಡ,” ಎಂದಳು. “ನಾ ನಗಾಕತ್ತೇನಿ!” ಎಂದೆ. ಅವಳು ಗಕ್ಕನೆ ಉಸಿರೆಳೆದು ಒಪ್ಪಿಕೊಂಡಳು, ಪೆಟ್ಟಿಗೆ ಮಾತ್ರ ಹಿಂದೆ ಸರಿಸಲಿಲ್ಲ.

ಅವರು ನೋಡಿದ್ದು ಇಷ್ಟು: ಮೊದಮೊದಲು ತಾಯಿ ಮಗಳು ದಿನಾ ಜಗಳವಾಡುತ್ತಾರೆ. ಆಮೇಲೆ ಮಾತೇ ನಿಂತುಹೋಗಿದೆ. ತಾಯಿ ಎದೆ ಬಡಿದುಕೊಳ್ಳುತ್ತಾಳೆ, ಕೊರಳಿಗೆ ಬೆರಳೆಳೆದು ಕೊಲ್ಲುತ್ತೇನೆ ಎನ್ನುತ್ತಾಳೆ. ಮಗಳು ತಲೆಯಾಡಿಸಿ ಮುಗುಳುನಗುತ್ತಾಳೆ. ಇದನ್ನೆಲ್ಲ ಅವರು ವಿಶ್ವವಿದ್ಯಾಲಯದ ಆಪ್ತ ಸಲಹೆಗಾರ್ತಿಗೆ ಹೇಳಿ, ಸೋಮವಾರಕ್ಕೆ ನನ್ನ ಹೆಸರು ಹಚ್ಚಿ ಬಂದಿದ್ದರು.

ನಾನು ಎದ್ದು ನಿಂತು ವಿವರಿಸಿದೆ. ವಿವರಿಸಿದಷ್ಟೂ ದನಿ ಏರಿತು. ದನಿ ಏರಿದಷ್ಟೂ ಪೆಕ್ಕಾನ ಕುರ್ಚಿ ಹಿಂದೆ ಸರಿಯಿತು.

“ಖರೆ ಹೇಳಬೇಕಂದ್ರ,” ಎಂದ ಅವನು, “ರೂಮಿನ ಮಾತೂ ಕಷ್ಟ ಐತಿ. ನಾವು ಸುಮ್ಮನಿರೂ ಮಂದಿ. ನೀ ಛಲೋ ಹುಡುಗಿ, ಆದ್ರ...”

ಆ ‘ಆದ್ರ’ ಒಂದೇ ಸಾಕಾಯಿತು. ಹೋಯಿತು ರೂಮು, ಹೋಯಿತು ಓದು. ಇನ್ನು ಉಳಿದ ದಾರಿ ಒಂದೇ. ಸದ್ದು ಪೂರ್ತಿ ಏರಿಸಿ ಅವ್ವನಿಗೆ ಕಾಲ್ ಹಚ್ಚಿದೆ.

ಖಟಖಟದ ನಡುವೆ ಅವ್ವ ಕಂಡಳು. ಪರದೇಶದವರನ್ನು ನೋಡಿ ಸೆರಗು ತಲೆಗೆಳೆದುಕೊಂಡು, ಐದು ಬೆರಳು ಕೂಡಿಸಿ ಬಾಯಿಗೆ ಒಯ್ದಳು. “ಉಂಡ್ರೇನು ಅಂತ ಕೇಳಾಕತ್ತಾಳ,” ಎಂದೆ. ಪೆಕ್ಕಾ ದಿಗಿಲಿನಲ್ಲೇ ಕೈಯಲ್ಲಿದ್ದ ಬನ್ನು ಎತ್ತಿ ತೋರಿಸಿದ. ನನ್ನ ಪುಣ್ಯ, ಅಷ್ಟರಲ್ಲಿ ಹಿಂದಿನ ಮಗ್ಗದ ಎಳೆ ಹರಿಯಿತು. ಅಪ್ಪ ಆ ಕಡೆಯಿಂದ ಅವ್ವನಿಗೆ ಕೊರಳಿಗೆ ಬೆರಳೆಳೆದು ತೋರಿಸಿದ. ಐನೊ ನನ್ನ ತೋಳು ಹಿಡಿದಳು. ಅವ್ವ ಬಗ್ಗಿ, ಎಳೆಯ ಎರಡು ತುದಿ ಹುಡುಕಿ, ಬೆರಳಲ್ಲಿ ಹೊಸೆದು ಗಂಟು ಹಾಕಿದಳು. ಮಗ್ಗ ಮತ್ತೆ ನಡೆಯಿತು. ಕೊಲೆ ಎಂದರೆ ಇಷ್ಟೇ ಎಂಬುದನ್ನು ಇಬ್ಬರೂ ಕಣ್ಣಾರೆ ಕಂಡರು.

ಆಗ ಬನಹಟ್ಟಿಯಲ್ಲಿ ಕರೆಂಟು ಹೋಯಿತು.

ಎಲ್ಲ ಮಗ್ಗ ಒಮ್ಮೆಲೇ ನಿಂತವು. ಅವ್ವನ ಬಾಯಿ ಮಾತ್ರ ನಿಲ್ಲಲಿಲ್ಲ. “ಈ ಉದ್ದನ್ನ ಹುಡುಗ ಯಾರ ಬೇ? ಪಾಪ, ಬರೇ ಎಲಬ ಅದಾವು! ನಿನ್ನ ರೊಟ್ಟಿ ಒಂದ ಕೊಡ ಅವಂಗ!” ಆ ನಿಶ್ಶಬ್ದದಲ್ಲಿ ತನ್ನ ದನಿ ತನಗೇ ಕೇಳಿ ಬೆಚ್ಚಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ಫೋನನ್ನು ಮುಖದ ಹತ್ತಿರ ತಂದು, ನಾನು ಎಂದೂ ಕೇಳದ ಸಣ್ಣ ದನಿಯಲ್ಲಿ ಹೇಳಿದಳು.

“ಮಗ್ಗ ನಡದಾಗ ಏನೂ ಅನಸಂಗಿಲ್ಲ ಬೇ. ಹಿಂಗ ನಿಂತ ಕೂಡ್ಲೇ ನೀ ಮನ್ಯಾಗಿಲ್ಲಂತ ಗೊತ್ತಾಗತೈತಿ.”

ಇಷ್ಟು ವರ್ಷದಲ್ಲಿ ಅವ್ವ ನನಗೆ ಇಂಥ ಮಾತು ಆಡಿರಲಿಲ್ಲ. ಅದು ಒದರಿ ಹೇಳುವ ಮಾತಲ್ಲ, ಕೈಯಲ್ಲಿ ತೋರಿಸಲೂ ಬರುವುದಿಲ್ಲ. ನಾನು ಐದು ಬೆರಳು ಕೂಡಿಸಿ ಬಾಯಿಗೆ ಒಯ್ದೆ. ಅವಳು “ಉಂಡೇನಿ,” ಎನ್ನುವಷ್ಟರಲ್ಲಿ ಕರೆಂಟು ಬಂದು ಅವಳ ದನಿ ಮುಳುಗಿತು.

ಅವ್ವ ಏನಂದಳು ಎಂದು ಐನೊ ಕೇಳಿದಳು. ಹೇಳಿದೆ. ಕಾಗದದ ಪೆಟ್ಟಿಗೆ ಈಗ ನಿಜವಾಗಿ ಬೇಕಾಯಿತು, ನನಗಷ್ಟೇ ಅಲ್ಲ.

ಕೊನೆಗೆ ಪೆಕ್ಕಾ ಕೇಳಿದ: “ಅಂದ್ರ, ಬಾಯಿ ತಗೀದನ ಎಲ್ಲಾ ಹೇಳಬಹುದಾ?”

“ಹೂಂ, ಮನಿ ಮಾತೆಲ್ಲಾ ಹೇಳಬಹುದು.”

ಅವನು ಐನೊ ಕಡೆ ನೋಡಿದ. ಜನ್ಮವಿಡೀ ಹುಡುಕಿದ್ದು ಸಿಕ್ಕವರ ಮುಖ ಇಬ್ಬರದೂ. “ಇಷ್ಟ ಛಲೋ ಭಾಷಾ ಇಟಗೊಂಡು ನೀವ್ಯಾಕ ಒದರ್ತೀರಿ?” ಎಂದ. “ರೂಮು ನಿಂದು. ಇದನ್ನ ನಮಗ ಕಲಸಬೇಕು ಮತ್ತ.”

ಸೋಮವಾರ ಆಪ್ತ ಸಲಹೆಗಾರ್ತಿಯ ಹತ್ತಿರವೂ ಹೋಗಿ ಬಂದೆ, ಹೆಸರು ಹಚ್ಚಿದ್ದಾಗಿತ್ತಲ್ಲ. ಕಷ್ಟ ಏನು ಎಂದರು. ಸದ್ದಿಲ್ಲದ್ದಕ್ಕೆ ನಿದ್ದೆ ಬರುವುದಿಲ್ಲ ಎಂದೆ. ಆ ದೇಶದಲ್ಲಿ ಆ ಕಾಯಿಲೆಗೆ ಮದ್ದಿಲ್ಲ. ಮದ್ದು ಕೊಟ್ಟದ್ದು ಪೆಕ್ಕಾ. ಅವ್ವನ ಮಗ್ಗದ ಸದ್ದನ್ನು ಫೋನಿನಲ್ಲಿ ತುಂಬಿಸಿ ನನ್ನ ಕಿವಿಗೆ ಇಟ್ಟ. ಅವತ್ತು ಮಲಗಿದವಳು ಮರುದಿನದ ಪಾಠ ತಪ್ಪಿಸಿಕೊಂಡೆ. ನಮ್ಮ ಮನೆಯಲ್ಲಿ ಅಲ್ಲಿಂದಾಚೆ ಇದ್ದಬದ್ದ ಮಾತೂ ನಿಂತಿತು. ಬೆಳಿಗ್ಗೆ ಎದ್ದ ಕೂಡಲೇ ಪೆಕ್ಕಾ ಬೆರಳು ಕೂಡಿಸಿ ಉಂಡೆಯಾ ಎನ್ನುವನು, ಐನೊ ಉಂಡೆ ಎನ್ನುವಳು. ಮನೆ ಮಾಲೀಕ ಬಂದರೆ ಮೂವರೂ ಎದೆ ಬಡಿದುಕೊಳ್ಳುತ್ತಿದ್ದೆವು.

ಸ್ಟೇಷನ್ನು

ಬರ್ಫ ಕರಗಿ, ಕೆರೆ ನೀರಾಗಿ, ನಾನು ಹೊರಡುವ ದಿನ ಬಂತು. ಇಬ್ಬರೂ ಕಳಿಸಲು ಬಂದರು. ರೈಲಿನ ಬಾಗಿಲು ಮುಚ್ಚಿತು, ಕಿಟಕಿಗೆ ದಪ್ಪ ಗಾಜು. ಪ್ಲಾಟ್‌ಫಾರ್ಮಿನಲ್ಲಿ ಬೇರೆಯವರು ತಮ್ಮವರಿಗೆ ಏನೇನೋ ಹೇಳುತ್ತಿದ್ದರು, ಒಳಗಿನವರು ಕಿವಿಗೆ ಕೈ ಹಚ್ಚಿ ಏನು ಏನು ಎನ್ನುತ್ತಿದ್ದರು. ನಮಗೆ ಆ ತೊಂದರೆ ಇರಲಿಲ್ಲ. ಐನೊ ಉಂಡೆಯಾ ಎಂದಳು. ಪೆಕ್ಕಾ ನನ್ನ ಕಣ್ಣಲ್ಲಿ ಕಣ್ಣಿಟ್ಟು, ಗಂಭೀರವಾಗಿ, ಕೊರಳಿಗೆ ಅಡ್ಡ ಬೆರಳೆಳೆದ. ನನ್ನ ಪಕ್ಕದ ಅಜ್ಜಿ ಕೈಚೀಲ ಅವುಚಿಕೊಂಡಳು. ಅವನು ಹೆಬ್ಬೆರಳಿಗೆ ತೋರುಬೆರಳು ತಾಗಿಸಿ, ರೈಲು ಹೊರಟರೂ ಹೊಸೆಯುತ್ತಲೇ ನಿಂತ. ನಾನೂ ಹೊಸೆದೆ. ಅಜ್ಜಿ ಬೇರೆ ಸೀಟಿಗೆ ಹೋದಳು.

ಮತ್ತೆ ಬನಹಟ್ಟಿ

ಮನೆಗೆ ಬಂದು ಮಗ್ಗದ ಮುಂದೆ ನಿಂತು ಅವ್ವನಿಗೆ ಸುದ್ದಿ ಹೇಳತೊಡಗಿದೆ. ಅವಳು ಕಿವಿ ಮುಂದೆ ಮಾಡಿದಳು. “ಏನಂದಿ? ಥಂಡಿಗೆ ಗಂಟಲಾ ಕುಂತೈತೇನ ಬೇ?” ಮತ್ತೆ ಹೇಳಿದೆ. ಒದರುತ್ತಿದ್ದೇನೆ ಎಂದೇ ನಾನು ತಿಳಿದಿದ್ದೆ. ಮಗ್ಗದ ಆ ಕಡೆಯ ಅಪ್ಪನಿಗೆ ಹೋಗಲಿ, ಈ ಕಡೆ ನಿಂತ ಅವ್ವನಿಗೂ ನನ್ನ ದನಿ ಮುಟ್ಟುತ್ತಿರಲಿಲ್ಲ.

ಅವ್ವ ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಗೋಡೆಯ ಕಡೆ ಹೋಗಿ ಗುಂಡಿ ಒತ್ತಿದಳು. ಮಗ್ಗ ಎಲ್ಲ ನಿಂತವು. ಬೀಗರು ಬಂದರೂ, ಮದುವೆಯ ಮಾತುಕತೆ ನಡೆದರೂ ಅವಳು ಕೆಲಸದ ಹೊತ್ತಿನಲ್ಲಿ ಆ ಗುಂಡಿ ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ. ಪಕ್ಕದ ಮನೆಯ ಕಾಕಾ ಓಡಿ ಬಂದು ಬಾಗಿಲಲ್ಲಿ ಇಣುಕಿದ.

“ಯಾಕ್ರೀ ವೈನಿ, ನಿಮ್ಮ ಮನ್ಯಾಗಷ್ಟ ಕರೆಂಟ ಹೋತೇನ್ರಿ?”

“ಕರೆಂಟ ಐತಿ,” ಎಂದಳು ಅವ್ವ. “ಮಗಳ ಮಾತಾಡಾಕತ್ತಾಳ.”

ನನ್ನ ಎದುರು ನೆಲದ ಮೇಲೆ ಕೂತು ಸೆರಗಿನಿಂದ ಕೈಯೊರೆಸಿಕೊಂಡಳು. “ಹೂಂ. ಈಗ ಹೇಳ.”

ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿ ತಂದ ಮಾತೆಲ್ಲ ಬದಿಗಿಟ್ಟು ನಾನೂ ಅವಳೆದುರು ಕೂತೆ.

“ಉಂಡ್ಯಾ ಬೇ?” ಎಂದೆ, ಮೆಲ್ಲಗೆ.